ಇಸಿಜಿಯೋ, ಪಿಪಿಜಿಯೋ, ಇಇಜಿಯೋ? ಫೈನಲ್ ಇಯರ್ ಪ್ರಾಜೆಕ್ಟ್ ಆರಿಸುವ ಮೊದಲು

ಏಳನೇ ಸೆಮಿಸ್ಟರ್ ಶುರುವಾದರೆ ಸಾಕು, ನನ್ನ ಟೇಬಲ್ ಮುಂದೆ ನಾಲ್ಕು ನಾಲ್ಕು ಜನರ ಗುಂಪುಗಳು ಬಂದು ನಿಲ್ಲುತ್ತವೆ. ಕೈಯಲ್ಲಿ ಒಂದು ಹಾಳೆ, ಹಾಳೆಯ ಮೇಲೆ ಟೈಟಲ್. "ಸರ್, ಸಿಎನ್‌ಎನ್ ಹಾಕಿ ಹೃದಯದ ಕಾಯಿಲೆ ಕಂಡುಹಿಡಿತೀವಿ." ಯಾವ ಸಿಗ್ನಲ್ ತಗೋತೀರಿ? "ಇನ್ನೂ ನೋಡಿಲ್ಲ ಸರ್." ಡೇಟಾ ಯಾರದ್ದು? "ಆನ್‌ಲೈನ್ ಸಿಗುತ್ತಲ್ವಾ ಸರ್." ಸಿಎನ್‌ಎನ್ ಅನ್ನುವ, ಡೇಟಾ ನೋಡಿ ತಾನೇ ಕಲಿಯುವ ಮಾಡೆಲ್ ಒಂದು ಮಾತ್ರ ಮೊದಲೇ ನಿಶ್ಚಯವಾಗಿರುತ್ತದೆ.

ದಾವಣಗೆರೆಯಲ್ಲಿ ಕೂತು ವರ್ಷಾವರ್ಷ ಇಂಥ ಪ್ರಾಜೆಕ್ಟುಗಳಿಗೆ ಗೈಡ್ ಆಗಿ ನೋಡಿದ್ದೇನೆ. ಕೆಟ್ಟುಹೋದ ಪ್ರಾಜೆಕ್ಟುಗಳಲ್ಲಿ ಮಾಡೆಲ್‌ನಿಂದ ಕೆಟ್ಟದ್ದು ತೀರಾ ಕಡಿಮೆ. ಸಿಗ್ನಲ್ ಆರಿಸುವಾಗ, ಡೇಟಾ ಹಂಚುವಾಗ ಆದ ತಪ್ಪೇ ಜಾಸ್ತಿ. ಅದಕ್ಕೆ ಈ ಬರಹದಲ್ಲಿ ಅದೇ ಕ್ರಮ ಇಟ್ಟಿದ್ದೇನೆ. ಮೊದಲು ಸಿಗ್ನಲ್, ಆಮೇಲೆ ಡೇಟಾ, ಆಮೇಲೆ ಮಾಡೆಲ್.

ಅವಸರ ಇರುವವರಿಗೆ ನನ್ನ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ಜನ, ಎರಡು ಸೆಮಿಸ್ಟರ್, ಸಾಮಾನ್ಯ ಲ್ಯಾಪ್‌ಟಾಪ್ ಇದ್ದರೆ ಇಸಿಜಿ ತಗೊಳ್ಳಿ. ಎಲ್ಲರಿಗೂ ತೆರೆದಿರುವ ಡೇಟಾ ಬಳಸಿ. ಮೊದಲು ಅಳತೆಗಳನ್ನು ನಾವೇ ತೆಗೆದುಕೊಡುವ ಹಳೇ ಪದ್ಧತಿಯಲ್ಲಿ ಮಾಡಿ, ಆಮೇಲೆ ಸಿಎನ್‌ಎನ್ ಹಾಕಿ ಎರಡನ್ನೂ ಪಕ್ಕಪಕ್ಕ ಇಡಿ. ಪರೀಕ್ಷೆಗೆ ಇಟ್ಟ ರೋಗಿಯ ಒಂದು ಬಡಿತವೂ ಮಾಡೆಲ್‌ನ ತರಬೇತಿಯಲ್ಲಿ ಇರಬಾರದು. ಯಾಕೆ ಹೀಗೆ, ಯಾರಿಗೆ ಬೇರೆ ದಾರಿ ಒಳ್ಳೆಯದು ಅನ್ನುವುದು ಮುಂದೆ ಇದೆ.

ಮೊದಲು ಸಿಗ್ನಲ್

ಇಸಿಜಿ ಅಂದರೆ ಹೃದಯದ ವಿದ್ಯುತ್ತು. ಚರ್ಮದ ಮೇಲೆ ಅದರ ಎತ್ತರ ಸುಮಾರು 1 ಮಿಲಿವೋಲ್ಟ್. ಡಚ್ ವಿಜ್ಞಾನಿ ವಿಲ್ಲೆಮ್ ಐಂತೋವೆನ್ ಇದನ್ನು ಅಳೆಯುವಾಗ ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಇಡಿಸುತ್ತಿದ್ದರು. ಆ ಕೆಲಸಕ್ಕೆ 1924ರಲ್ಲಿ ನೊಬೆಲ್ ಬಂತು. ಅವರು ಕೊಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನೇ ಇವತ್ತಿಗೂ ಬಳಸುತ್ತೇವೆ. ವಿದ್ಯಾರ್ಥಿಗೆ ಇಸಿಜಿಯ ದೊಡ್ಡ ಅನುಕೂಲ ಏನೆಂದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಎತ್ತರಕ್ಕೆ ಚುಚ್ಚಿ ನಿಲ್ಲುವ ಆರ್ ಶಿಖರ ಎಲ್ಲಿದೆ ಅಂತ ಮಗುವೂ ಬೆರಳಿಟ್ಟು ತೋರಿಸಬಹುದು. ನಿಮ್ಮ ಕೋಡ್ ಬೇರೆ ಕಡೆ ತೋರಿಸಿದರೆ ಪರದೆಯ ಮೇಲೇ ಗೊತ್ತಾಗುತ್ತದೆ.

ಪಿಪಿಜಿ ಬೆಳಕಿನ ಕೆಲಸ. ಬೆರಳಿಗೆ ಹಾಕುವ ಆಕ್ಸಿಮೀಟರ್, ಕೈಗಡಿಯಾರದ ಹಿಂದೆ ಮಿನುಗುವ ಹಸಿರು ದೀಪ, ಎರಡೂ ಇದೇ. ನಾಡಿ ಬಡಿದಾಗ ಬೆರಳಲ್ಲಿ ರಕ್ತ ಹೆಚ್ಚಾಗುತ್ತದೆ, ಸೆನ್ಸರಿಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ಮ್ಯಾಕ್ಸ್30102 ಅನ್ನುವ ಪುಟ್ಟ ಸೆನ್ಸರಿನಲ್ಲಿ ಎರಡು ಎಲ್‌ಇಡಿ ಇವೆ. ಒಂದು ಕೆಂಪು, 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, 880. ಎಲೆಕ್ಟ್ರೋಡ್ ಅಂಟಿಸುವ ರಗಳೆ ಇಲ್ಲ, ಬೆರಳಿಟ್ಟರೆ ಆಯಿತು. ಅದಕ್ಕೇ ಹುಡುಗರಿಗೆ ಇದು ಇಷ್ಟ.

ಆದರೆ ಪಿಪಿಜಿ ಕೊಡುವುದು ನಾಡಿ ಬಡಿದ ಹೊತ್ತನ್ನು ಮಾತ್ರ. ಹೃದಯದ ಮೇಲಿನ ಕೋಣೆ ಏನು ಮಾಡಿತು ಅಂತ ಹೇಳುವ ಪಿ ತರಂಗ ಅದರಲ್ಲಿ ಇಲ್ಲ. ಹಾಗಾಗಿ ನಾಡಿಯ ವೇಗ, ಲಯ ತಪ್ಪುತ್ತಿದೆಯೇ ಇಲ್ಲವೇ, ಇಷ್ಟಕ್ಕೆ ಪಿಪಿಜಿ ಚೆನ್ನಾಗಿದೆ. ಯಾವ ಬಗೆಯ ತಪ್ಪು ಅಂತ ಹೇಳಬೇಕಾದರೆ ಇಸಿಜಿಯೇ ಬೇಕು. ಕೈ ಸ್ವಲ್ಪ ಅಲ್ಲಾಡಿದರೂ ಪಿಪಿಜಿ ಕೆಡುತ್ತದೆ. ನಡೆಯುವಾಗಿನ ಹೆಜ್ಜೆಯ ತಾಳ, ನಾಡಿಯ ತಾಳ ಎರಡೂ ಹತ್ತಿರ ಹತ್ತಿರ ಇರುವುದರಿಂದ ಜರಡಿ ಹಿಡಿದು ಬೇರೆ ಮಾಡುವುದೂ ಕಷ್ಟ.

ಎರಡು ಟೈಟಲ್‌ಗಳನ್ನು ದಯವಿಟ್ಟು ತರಬೇಡಿ. ಒಂದು, ಪಿಪಿಜಿಯಿಂದ ಆಮ್ಲಜನಕದ ಮಟ್ಟವನ್ನು ನಿಖರವಾಗಿ ಅಳೆಯುವುದು. ಆ ಅಳತೆಗೆ ಮಾಪನ ಹೊಂದಿಸಬೇಕಾದರೆ ಅಪಧಮನಿಯ ರಕ್ತ ತೆಗೆದು ಹೋಲಿಸಬೇಕು. ಕಾಲೇಜು ಲ್ಯಾಬಿನಲ್ಲಿ ಅದು ಆಗುವ ಮಾತಲ್ಲ. ಆಸ್ಪತ್ರೆಯ ಆಕ್ಸಿಮೀಟರ್‌ಗಳೇ ಎಡವುತ್ತವೆ. 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಇದನ್ನು ತೋರಿಸಿತು. ಆಮ್ಲಜನಕ ನಿಜವಾಗಿ ಕುಸಿದಿದ್ದರೂ ಯಂತ್ರಕ್ಕೆ ಗೊತ್ತಾಗದೆ ಹೋಗುವುದು ಬಿಳಿಯರಿಗಿಂತ ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಬೆಳಕು ಚರ್ಮದ ಮೂಲಕ ಹೋಗಬೇಕಲ್ಲ, ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಊರಿನ ಜನರ ಮೈಬಣ್ಣ ಎಷ್ಟು ಬಗೆಯದ್ದು ಅಂತ ನೆನೆಸಿಕೊಳ್ಳಿ. ಇನ್ನೊಂದು ಟೈಟಲ್, ಪಿಪಿಜಿಯಿಂದ ಬಿಪಿ. ಕೇಳಲು ಚೆನ್ನಾಗಿದೆ. ಆದರೆ ಈ ಪ್ರಾಜೆಕ್ಟುಗಳಲ್ಲಿ ಒಬ್ಬನೇ ರೋಗಿಯ ತುಣುಕುಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡು, ಸುಳ್ಳು ಅಂಕ ಬಂದದ್ದನ್ನು ನಾನು ಪದೇ ಪದೇ ನೋಡಿದ್ದೇನೆ.

ಇಇಜಿ ಅಂದರೆ ಮಿದುಳಿನ ವಿದ್ಯುತ್ತು. ತಲೆಯ ಮೇಲೆ ಸಿಗುವುದು 10ರಿಂದ 100 ಮೈಕ್ರೋವೋಲ್ಟ್. ಇಸಿಜಿಯ ಹತ್ತನೇ ಒಂದು ಭಾಗ, ಇಲ್ಲವೇ ಅದಕ್ಕಿಂತಲೂ ಕಡಿಮೆ. ಕಣ್ಣು ಮಿಟುಕಿಸಿದರೆ ಅದೇ ದೊಡ್ಡ ಅಲೆಯಾಗಿ ಕೂರುತ್ತದೆ. ಇಲ್ಲಿ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಕಲಿತ ನರವೈದ್ಯರು ಪಕ್ಕದಲ್ಲಿ ಇಲ್ಲದಿದ್ದರೆ ನೀವು ಹಿಡಿದದ್ದು ಮಿದುಳೋ ಹಣೆಯ ಸ್ನಾಯುವೋ ಅಂತ ಹೇಳುವವರೇ ಇರುವುದಿಲ್ಲ.

ಇಇಜಿಯಲ್ಲಿ ಮೂರ್ಛೆರೋಗದ ಬಾನ್ ಡೇಟಾ, ಅಂದರೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ್ದು, ಎಲ್ಲರಿಗೂ ಗೊತ್ತು. ಐದು ಗುಂಪು, ಗುಂಪಿಗೆ 100 ತುಣುಕು, ಒಂದೊಂದು 23.6 ಸೆಕೆಂಡ್. ಎ ಗುಂಪನ್ನೂ ಇ ಗುಂಪನ್ನೂ ಬೇರೆ ಮಾಡಿ ನೂರಕ್ಕೆ ನೂರು ಅಂತ ರಿಪೋರ್ಟ್ ಬರೆಯುತ್ತಾರೆ. ಎ ಗುಂಪು ಆರೋಗ್ಯವಂತರ ನೆತ್ತಿಯ ಮೇಲಿಂದ ತೆಗೆದದ್ದು. ಇ ಗುಂಪು ರೋಗಿಗಳ ತಲೆಬುರುಡೆಯ ಒಳಗೆ ಎಲೆಕ್ಟ್ರೋಡ್ ಇಟ್ಟು ತೆಗೆದದ್ದು. ಹಾಗಾದರೆ ಮಾಡೆಲ್ ಕಲಿತದ್ದು ಮೂರ್ಛೆಯನ್ನೋ, ಬುರುಡೆಯ ಒಳಗು ಹೊರಗನ್ನೋ? ಈ ಪ್ರಶ್ನೆ ಎದುರಿಸಲು ತಯಾರಿಲ್ಲದಿದ್ದರೆ ಆ ಡೇಟಾ ಮುಟ್ಟಬೇಡಿ. ಇಇಜಿಯೇ ಬೇಕು ಅಂತ ಹಟ ಇದ್ದರೆ ಬೋಸ್ಟನ್ ಮಕ್ಕಳ ಆಸ್ಪತ್ರೆಯ ಸಿಎಚ್‌ಬಿ-ಎಂಐಟಿ ಡೇಟಾ ಇದೆ. 22 ಜನರದ್ದು, ಸೆಕೆಂಡಿಗೆ 256 ಸ್ಯಾಂಪಲ್. ಕೆಲಸ ಜಾಸ್ತಿ, ಆದರೆ ಅದು ನಿಜವಾದ ಕೆಲಸ.

ಹೃದಯದ ಸದ್ದು, ಅಂದರೆ ಲಬ್‌ಡಬ್, ಯಾರೂ ಹೆಚ್ಚಾಗಿ ಆರಿಸದ ಆದರೆ ಒಳ್ಳೆಯ ವಿಷಯ. ಇಂಥ ಸಿಗ್ನಲ್‌ಗಳನ್ನು ಎಲ್ಲರಿಗೂ ತೆರೆದಿಡುವ ಜಾಲತಾಣ ಫಿಸಿಯೋನೆಟ್‌ನ 2016ರ ಸ್ಪರ್ಧೆಯ ತರಬೇತಿ ಡೇಟಾದಲ್ಲಿ 3,126 ರೆಕಾರ್ಡಿಂಗ್ ಇವೆ. ಸ್ಟೆತಾಸ್ಕೋಪಿನ ನಳಿಗೆಗೆ ಮೈಕ್ ಕೂರಿಸಿ ನೀವೇ ಕೇಳಿ ನೋಡಬಹುದು. ಫ್ಯಾನ್ ಆಫ್ ಮಾಡಿಕೊಳ್ಳಬೇಕು ಅಷ್ಟೇ.

ಜರಡಿಯ ಕಣ್ಣು ಎಷ್ಟಿರಬೇಕು

ಫಿಲ್ಟರ್ ಅಂದರೆ ಏನು ಅಂತ ನಮ್ಮ ಊರಿನ ಹುಡುಗರಿಗೆ ಹೇಳಿಕೊಡುವುದು ಸುಲಭ. ಮಂಡಕ್ಕಿ ಭಟ್ಟಿ ನೋಡಿದವರಿಗೆ ಗೊತ್ತು. ಕಾದ ಮರಳಲ್ಲಿ ಅಕ್ಕಿ ಹುರಿದು, ಅರಳಿದ ಕೂಡಲೇ ಜರಡಿಗೆ ಹಾಕುತ್ತಾರೆ. ಮರಳು ಕೆಳಗೆ, ಮಂಡಕ್ಕಿ ಮೇಲೆ. ಜರಡಿ ಕಣ್ಣು ದೊಡ್ಡದಾದರೆ ಮಂಡಕ್ಕಿಯೂ ಉದುರುತ್ತದೆ, ಚಿಕ್ಕದಾದರೆ ಮರಳು ಮೇಲೇ ಉಳಿದು ಹಲ್ಲಿಗೆ ಸಿಗುತ್ತದೆ. ಸಿಗ್ನಲ್‌ನಲ್ಲೂ ಅಷ್ಟೇ. ಯಾವ ಮಂಡಕ್ಕಿ ಬೇಕು ಅಂತ ಗೊತ್ತಿಲ್ಲದೆ ಜರಡಿ ಆರಿಸಲು ಬರುವುದಿಲ್ಲ.

ಆರ್ ಶಿಖರ ಹಿಡಿಯಲು 5ರಿಂದ 15 ಹರ್ಟ್ಜ್ ಸಾಕು. ಆದರೆ ಆ ಜರಡಿಯಲ್ಲಿ ಪಿ, ಟಿ ತರಂಗಗಳು ಸೊರಗಿಹೋಗುತ್ತವೆ. ಅದರಿಂದ ಬಂದ ಸಿಗ್ನಲ್ಲನ್ನೇ ಬಡಿತದ ಆಕಾರ ಕಲಿಯಲು ಕೊಡುವುದು ತಪ್ಪು. ಬರೀ ಲಯ ನೋಡುವ ಮಾನಿಟರಿಗೆ 0.5ರಿಂದ 40 ಹರ್ಟ್ಜ್ ಇಡುತ್ತಾರೆ. ಹೃದಯಾಘಾತದ ಗುರುತಾದ ಎಸ್‌ಟಿ ಭಾಗ ಓದಬೇಕಾದರೆ ಕೆಳಗಿನ ಗಡಿ 0.05ಕ್ಕೆ ಇಳಿಯಬೇಕು. 0.5ರ ಜರಡಿಯಲ್ಲಿ ಎಸ್‌ಟಿ ಭಾಗ ಸೊಟ್ಟಗಾಗಿ, ಇಲ್ಲದ ಕಾಯಿಲೆ ಕಾಣಬಹುದು, ಇದ್ದದ್ದು ಮರೆಯಾಗಬಹುದು.

ಇನ್ನೊಂದು ಪುಟ್ಟ ವಿಷಯ, ಆದರೆ ಸುಮಾರು ಗುಂಪುಗಳು ಇಲ್ಲಿ ಬೀಳುತ್ತವೆ. ನಮ್ಮ ಕರೆಂಟ್ 50 ಹರ್ಟ್ಜ್, ಅದರ ಗುಂಯ್ ಸಿಗ್ನಲ್‌ಗೂ ಸೇರಿಕೊಳ್ಳುತ್ತದೆ. ಅಮೆರಿಕದ್ದು 60. ಎಂಐಟಿ-ಬಿಐಎಚ್ ಅನ್ನುವ ಹೆಸರಾದ ಇಸಿಜಿ ಡೇಟಾ ಬಂದದ್ದು ಬೋಸ್ಟನ್ನಿನಿಂದ. ಅದಕ್ಕೆ 50ರ ನಾಚ್ ಫಿಲ್ಟರ್ (ಒಂದೇ ಆವರ್ತನವನ್ನು ಕಿತ್ತುಹಾಕುವ ಜರಡಿ) ಹಾಕಿದರೆ ಗಲೀಜು ಹಾಗೇ ಉಳಿಯುತ್ತದೆ, ಸುಮ್ನೆ ಸಿಗ್ನಲ್ ಒಂದಷ್ಟು ಹೋಗುತ್ತದೆ. ಅದೇ ಕೋಡನ್ನು 60ಕ್ಕೆ ಸರಿಮಾಡಿ, ಆಮೇಲೆ ನಮ್ಮ ಲ್ಯಾಬಿನಲ್ಲಿ ತೆಗೆದ ಇಸಿಜಿಗೆ ಹಾಕಿದರೆ ಮತ್ತೆ ತಪ್ಪು. ಡೇಟಾ ಯಾವ ದೇಶದ್ದು ಅಂತ ಕೋಡಿನ ಮೊದಲ ಸಾಲಲ್ಲೇ ಬರೆದಿಡಿ.

ಯಾರ ಡೇಟಾ?

ಇಸಿಜಿಗೆ ಮುಖ್ಯವಾಗಿ ಮೂರು ಆಯ್ಕೆ, ಜೊತೆಗೆ ನೀವೇ ತೆಗೆಯುವುದು ನಾಲ್ಕನೆಯದು.

ಎಂಐಟಿ-ಬಿಐಎಚ್ ಹಳೆಯ ಮನೆ ಇದ್ದ ಹಾಗೆ. 1975ರಿಂದ 1979ರ ನಡುವೆ ತೆಗೆದದ್ದು, 1980ರಲ್ಲಿ ಹೊರಬಂತು. ಅರ್ಧ ಗಂಟೆಯ 48 ರೆಕಾರ್ಡು, ಸೆಕೆಂಡಿಗೆ 360 ಸ್ಯಾಂಪಲ್. ಸುಮಾರು 1,10,000 ಗುರುತು. ಒಂದೊಂದು ರೆಕಾರ್ಡನ್ನೂ ಇಬ್ಬರು ಅಥವಾ ಹೆಚ್ಚು ಹೃದಯತಜ್ಞರು ಬೇರೆಬೇರೆಯಾಗಿ ನೋಡಿ, ಭಿನ್ನಾಭಿಪ್ರಾಯ ಬಂದ ಕಡೆ ಕೂತು ತೀರ್ಮಾನಿಸಿದ್ದಾರೆ. ಆ ಶ್ರದ್ಧೆ ಮುಂದೆ ಬಂದ ಸುಮಾರು ಡೇಟಾಗಳಲ್ಲಿ ಇಲ್ಲ. ಆದರೆ ಜನ ಎಷ್ಟು? 47. ರೆಕಾರ್ಡ್ 201, 202 ಒಬ್ಬನದೇ. ಲಕ್ಷ ಬಡಿತ ಇದೆ ಅಂದರೆ ಲಕ್ಷ ಜನ ಇದ್ದಾರೆ ಅಂತಲ್ಲ. ಇದನ್ನು ಮರೆತಲ್ಲಿಂದಲೇ ಎಲ್ಲ ತೊಂದರೆ ಶುರು.

ಪಿಟಿಬಿ-ಎಕ್ಸ್‌ಎಲ್ 2020ರಲ್ಲಿ ಬಂದದ್ದು, ಜರ್ಮನಿಯ ಡೇಟಾ. 18,869 ರೋಗಿಗಳ 21,799 ಇಸಿಜಿ. ಹನ್ನೆರಡೂ ಲೀಡ್ (ಹೃದಯವನ್ನು ಬೇರೆಬೇರೆ ಕೋನದಿಂದ ನೋಡುವ ಗೆರೆಗಳು), ಹತ್ತು ಸೆಕೆಂಡ್. ನನಗೆ ಇಷ್ಟವಾದದ್ದು ಇನ್ನೊಂದು. ಡೇಟಾವನ್ನು ಅವರೇ ಹತ್ತು ಭಾಗ ಮಾಡಿ ಕೊಟ್ಟಿದ್ದಾರೆ, ಒಬ್ಬ ರೋಗಿ ಎರಡು ಭಾಗದಲ್ಲಿ ಬರದ ಹಾಗೆ. ಒಂದರಿಂದ ಎಂಟು ತರಬೇತಿಗೆ, ಒಂಬತ್ತು ಹೊಂದಾಣಿಕೆಗೆ, ಹತ್ತು ಪರೀಕ್ಷೆಗೆ. ಹಂಚುವ ತಪ್ಪಿಗೆ ಅವಕಾಶವೇ ಇಲ್ಲ. ಲ್ಯಾಪ್‌ಟಾಪ್ ಸಣ್ಣದಿದ್ದರೆ 100 ಹರ್ಟ್ಜ್‌ನ ಹಗುರ ಆವೃತ್ತಿಯೂ ಉಂಟು. ಆದರೆ ಇಲ್ಲಿ ಗುರುತು ಇರುವುದು ಇಡೀ ಇಸಿಜಿಗೆ, ಒಂದೊಂದು ಬಡಿತಕ್ಕಲ್ಲ. ಬಡಿತ ಬಡಿತ ಬೇರ್ಪಡಿಸುವ ಪ್ರಾಜೆಕ್ಟಿಗೆ ಇದು ಆಗದು.

2017ರ ಫಿಸಿಯೋನೆಟ್ ಸ್ಪರ್ಧೆಯ ಡೇಟಾ ಕೈಯಲ್ಲಿ ಹಿಡಿಯುವ ಸಾಧನದಿಂದ ಬಂದದ್ದು. ಒಂದೇ ಲೀಡ್, 300 ಹರ್ಟ್ಜ್, 9 ಸೆಕೆಂಡಿನಿಂದ ಒಂದು ನಿಮಿಷದ ತನಕ, 8,528 ತುಣುಕು. ಸಾಮಾನ್ಯ, ಏಟ್ರಿಯಲ್ ಫಿಬ್ರಿಲೇಷನ್ (ಮೇಲಿನ ಕೋಣೆ ತಾಳ ತಪ್ಪಿ ನಡುಗುವುದು), ಬೇರೆ ಲಯ, ಗದ್ದಲ ಅಂತ ನಾಲ್ಕು ಗುಂಪು. 'ಗದ್ದಲ' ಅನ್ನುವ ಗುಂಪು ಇಟ್ಟದ್ದು ಬಹಳ ಒಳ್ಳೆಯ ಕೆಲಸ. ಯಂತ್ರಕ್ಕೆ 'ನನಗೆ ಕಾಣ್ತಿಲ್ಲ, ಇನ್ನೊಮ್ಮೆ ತೆಗೀರಿ' ಅಂತ ಹೇಳಲು ಬರಬೇಕು. ನೀವು ಮುಂದೆ ಇಸಿಜಿ ತೆಗೆಯುವ ಪುಟ್ಟ ಬೋರ್ಡಾದ ಎಡಿ8232 ಮಾಡ್ಯೂಲ್ ಜೋಡಿಸುವವರಾದರೆ ಈ ಡೇಟಾವೇ ನಿಮಗೆ ಹತ್ತಿರದ ನೆಂಟ.

ಇನ್ನು ಗೆಳೆಯರ ಇಸಿಜಿ ನೀವೇ ತೆಗೆಯುವುದು. ತೆಗೆಯಿರಿ, ಕಲಿಯಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಇಪ್ಪತ್ತು ಇಪ್ಪತ್ತೊಂದರ ಹುಡುಗರ ಹೃದಯ ಬಹುಪಾಲು ಸರಿಯಾಗೇ ಇರುತ್ತದೆ. ಅದರಲ್ಲಿ ಕಾಯಿಲೆ ಕಲಿಸಲಾಗದು. ಡೆಮೊಗೆ ಮಾತ್ರ ಇಟ್ಟುಕೊಳ್ಳಿ.

ಹಳೇ ದಾರಿಯೋ, ಸಿಎನ್‌ಎನ್ನೋ

ಒಮ್ಮೆ ಎಂಐಟಿ-ಬಿಐಎಚ್‌ನ ರೆಕಾರ್ಡ್ 100ರ ಮೊದಲ ಹತ್ತು ಸೆಕೆಂಡನ್ನು ಪ್ರಿಂಟ್ ಹಾಕಿ ಒಬ್ಬ ಇಸಿಜಿ ಟೆಕ್ನೀಷಿಯನ್‌ಗೆ ತೋರಿಸಿದೆ. ಅವರು ಜೇಬಿನಿಂದ ಒಂದು ಚೀಟಿ ತೆಗೆದರು. ಚೀಟಿಯ ಅಂಚನ್ನು ಎರಡು ಆರ್ ಶಿಖರಗಳ ಕೆಳಗಿಟ್ಟು ಪೆನ್ನಿನಿಂದ ಎರಡು ಗೀಟು ಎಳೆದರು. ಆ ಚೀಟಿಯನ್ನು ಹಾಗೇ ಬಲಕ್ಕೆ ಸರಿಸುತ್ತಾ ಹೋದರು. ಎರಡನೇ, ಮೂರನೇ, ನಾಲ್ಕನೇ ಬಡಿತ ಗೀಟಿನ ಹತ್ತಿರವೇ ಬಂತು. ಎಂಟನೆಯದು ಬರಲಿಲ್ಲ. ಗೀಟಿಗಿಂತ ಮೊದಲೇ ಬಡಿದಿತ್ತು. "ಇದು ಅವಸರ ಮಾಡೈತೆ ನೋಡ್ರಿ" ಅಂದರು.

ಆ ಎಂಟನೇ ಬಡಿತಕ್ಕೆ ಡೇಟಾದಲ್ಲಿ 'ಎ' ಅಂತ ಗುರುತಿದೆ, ಅಂದರೆ ಮೇಲಿನ ಕೋಣೆಯಿಂದ ಅವಧಿಗೆ ಮೊದಲೇ ಬಂದ ಬಡಿತ. ಅಂಕಿ ನೋಡಿ. ಏಳನೇ ಬಡಿತ 1809ನೇ ಸ್ಯಾಂಪಲ್‌ನಲ್ಲಿ, ಎಂಟನೆಯದು 2044ರಲ್ಲಿ, ಒಂಬತ್ತನೆಯದು 2402ರಲ್ಲಿ. 360ರಿಂದ ಭಾಗಿಸಿದರೆ ಮೊದಲ ಅಂತರ 0.65 ಸೆಕೆಂಡ್, ನಂತರದ್ದು 0.99. ಅದಕ್ಕೂ ಹಿಂದಿನ ಅಂತರ 0.82. ಬೇಗ ಬಂತು, ಆಮೇಲೆ ಸ್ವಲ್ಪ ತಡೆಯಿತು. ಹಿಂದಿನ ಅಂತರ, ಮುಂದಿನ ಅಂತರ, ಅವುಗಳ ಅನುಪಾತ. ಹಳೇ ಪದ್ಧತಿಯ ಅತಿ ಬಲವಾದ ಫೀಚರ್‌ಗಳು, ಅಂದರೆ ಮಾಡೆಲ್‌ಗೆ ಕೊಡುವ ಅಳತೆಗಳು, ಇವೇ. ಚೀಟಿಯ ಅಂಚನ್ನೇ ನಾವು ಕೋಡ್ ಮಾಡಿದ್ದು.

ಈ ದಾರಿಯಲ್ಲಿ ಮೊದಲ ಹೆಜ್ಜೆ ಪ್ಯಾನ್ ಮತ್ತು ಟಾಂಪ್ಕಿನ್ಸ್ 1985ರಲ್ಲಿ ಕೊಟ್ಟ ವಿಧಾನ. ಜರಡಿ ಹಿಡಿ, ಇಳಿಜಾರು ತೆಗೆ, ವರ್ಗ ಮಾಡು, ಸುಮಾರು 150 ಮಿಲಿಸೆಕೆಂಡಿನ ಕಿಟಕಿಯಲ್ಲಿ ಕೂಡು, ಮಿತಿ ದಾಟಿದ ಕಡೆ ಆರ್ ಇದೆ ಅನ್ನು. ಒಂದೊಂದು ಹಂತವನ್ನೂ ಪ್ಲಾಟ್ ಮಾಡಿ ನೋಡಬಹುದು. ಆಮೇಲೆ ಅಂತರಗಳು, ಕ್ಯೂಆರ್‌ಎಸ್‌ನ ಅಗಲ, ಎತ್ತರ ತೆಗೆದು, ಹೌದು-ಇಲ್ಲ ಪ್ರಶ್ನೆಗಳ ಹಲವು ಮರಗಳ ಬಹುಮತದಿಂದ ತೀರ್ಮಾನಿಸುವ ರ್‍ಯಾಂಡಮ್ ಫಾರೆಸ್ಟಿಗೆ ಕೊಡಿ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಕೆಲವೇ ನಿಮಿಷ. ವೈದ್ಯರು 'ಯಾಕೆ ಹೀಗೆ ಹೇಳಿತು?' ಅಂದರೆ 'ಬಡಿತ ಬೇಗ ಬಂತು, ಅಗಲ ಜಾಸ್ತಿ ಇತ್ತು' ಅಂತ ಉತ್ತರ ಕೊಡಬಹುದು.

ಸಿಎನ್‌ಎನ್ ಫೀಚರ್ ಕೇಳುವುದಿಲ್ಲ, ತಾನೇ ಹುಡುಕಿಕೊಳ್ಳುತ್ತದೆ. ಅದರ ಶಕ್ತಿ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. 2019ರಲ್ಲಿ ಸ್ಟ್ಯಾನ್‌ಫರ್ಡ್ ತಂಡ 34 ಪದರಗಳ ಜಾಲ ಕಟ್ಟಿ 12 ಬಗೆಯ ಲಯಗಳನ್ನು ಹೃದಯತಜ್ಞರ ಮಟ್ಟಕ್ಕೆ ಗುರುತಿಸಿತು. ಆದರೆ ಅವರ ಹತ್ತಿರ 53,549 ರೋಗಿಗಳ 91,232 ರೆಕಾರ್ಡ್ ಇದ್ದವು. ನಿಮ್ಮ ಹತ್ತಿರ 47 ಜನ. ಅಷ್ಟು ಕಡಿಮೆ ಜನರಲ್ಲಿ ಸಿಎನ್‌ಎನ್ ಕಾಯಿಲೆಯ ಬದಲು ಆ ಜನರನ್ನೇ ಕಲಿತುಬಿಡುತ್ತದೆ. ಹಾಗಾಗಿ ಎಂಐಟಿ-ಬಿಐಎಚ್ ಇದ್ದರೆ ರ್‍ಯಾಂಡಮ್ ಫಾರೆಸ್ಟನ್ನು ಮುಂದಿಡಿ. ಪಿಟಿಬಿ-ಎಕ್ಸ್‌ಎಲ್ ಇದ್ದರೆ ಸಿಎನ್‌ಎನ್‌ಗೆ ಧೈರ್ಯವಾಗಿ ಹೋಗಿ, ಅಲ್ಲಿ ಅದಕ್ಕೆ ಮೇವು ಸಾಕಷ್ಟಿದೆ.

ಸಿಗ್ನಲ್ಲನ್ನು ಚಿತ್ರ ಮಾಡಿ, ಬೆಕ್ಕು ನಾಯಿಗಳ ಫೋಟೋ ಮೇಲೆ ಕಲಿತ ಜಾಲಕ್ಕೆ ಕೊಡುವ ಪದ್ಧತಿಯೂ ಇದೆ. ನನಗೆ ಅದು ಸುತ್ತುಬಳಸಿನ ದಾರಿ ಅನಿಸುತ್ತದೆ. ಒಂದೇ ಸಾಲಿನ ಅಂಕಿಗಳಿಗೆ ಒಂದು ಆಯಾಮದ ಸಿಎನ್‌ಎನ್ ಸಾಕು.

ಶೇಕಡಾ 99ರ ಕಥೆ

ಕೆಲವು ವರ್ಷದ ಹಿಂದೆ ನನ್ನದೇ ಗುಂಪೊಂದು 99 ಅಂತ ಬರೆದುಕೊಂಡು ಬಂತು. ನಾನೂ ಖುಷಿಯಲ್ಲಿ ಸಹಿ ಹಾಕಿದೆ. ವೈವಾಗೆ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು. "ಬಡಿತಗಳನ್ನು ಕಲೆಸಿ ಹಂಚಿದ್ರಾ, ರೋಗಿಗಳನ್ನು ಹಂಚಿದ್ರಾ?" ಮಕ್ಕಳು ನನ್ನ ಮುಖ ನೋಡಿದರು. ಎಲ್ಲ ಬಡಿತಗಳನ್ನು ಒಂದೇ ರಾಶಿ ಮಾಡಿ, ಕಲೆಸಿ, ಎಂಬತ್ತು ಇಪ್ಪತ್ತು ಅಂತ ಹಂಚಿದ್ದರು. ಅಂದರೆ ಒಬ್ಬನೇ ರೋಗಿಯ ಒಂದು ಬಡಿತ ತರಬೇತಿಯಲ್ಲಿ, ಅದರ ಪಕ್ಕದ ಬಡಿತ ಪರೀಕ್ಷೆಯಲ್ಲಿ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ಆ ರಾತ್ರಿ ಕೂತು ರೋಗಿಗಳನ್ನು ಬೇರೆ ಮಾಡಿ ಮತ್ತೆ ಓಡಿಸಿದೆವು. ಮೇಲಿನ ಕೋಣೆಯ ತಪ್ಪು ಬಡಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈತಪ್ಪಿದವು. ಮಕ್ಕಳ ತಪ್ಪಲ್ಲ, ಕೇಳಬೇಕಾದ ಪ್ರಶ್ನೆ ನಾನು ಕೇಳಿರಲಿಲ್ಲ. ಅವತ್ತಿನಿಂದ ಮೊದಲ ರಿವ್ಯೂನಲ್ಲೇ ಕೇಳುತ್ತೇನೆ.

ಎಂಐಟಿ-ಬಿಐಎಚ್‌ಗೆ 2004ರಲ್ಲಿ ಡಿ ಷಝಾಲ್ ತಂಡ ಮಾಡಿದ ಹಂಚಿಕೆ ಈಗ ರೂಢಿಯಲ್ಲಿದೆ. ಪೇಸ್‌ಮೇಕರ್ ಇರುವ ನಾಲ್ಕು ರೆಕಾರ್ಡ್ ಬಿಟ್ಟು, 22 ತರಬೇತಿಗೆ, 22 ಪರೀಕ್ಷೆಗೆ. ಅದನ್ನೇ ಬಳಸಿ. ಆದರೆ ಅದರಲ್ಲೂ 201 ಒಂದು ಕಡೆ, 202 ಇನ್ನೊಂದು ಕಡೆ ಇವೆ. ಒಬ್ಬನೇ ಮನುಷ್ಯ ಎರಡೂ ಕಡೆ! ರಿಪೋರ್ಟಿನಲ್ಲಿ ಅದನ್ನು ಬರೆದು, ಒಂದನ್ನು ತೆಗೆದೂ ಫಲಿತಾಂಶ ತೋರಿಸಿ.

ಬರೀ ಅಕ್ಯುರಸಿ ಹೇಳುವುದೂ ಸಾಲದು. ಮೇಲೆ ಹೇಳಿದ ರೆಕಾರ್ಡ್ 100ರಲ್ಲಿ 2,273 ಬಡಿತ, ಅದರಲ್ಲಿ 2,239 ಸಾಮಾನ್ಯ. ಏನೂ ಕಲಿಯದೆ ಎಲ್ಲಕ್ಕೂ 'ಸಾಮಾನ್ಯ' ಅನ್ನುವ ಒಂದು ಸಾಲಿನ ಕೋಡಿಗೂ 98.5 ಬರುತ್ತದೆ. ಒಂದೊಂದು ಗುಂಪಿಗೂ ಎಷ್ಟು ಹಿಡಿದಿರಿ, ಎಷ್ಟು ಬಿಟ್ಟಿರಿ, ಎಷ್ಟು ಸುಳ್ಳು ಎಚ್ಚರಿಕೆ ಅಂತ ಬೇರೆಬೇರೆಯಾಗಿ ಬರೆಯಿರಿ.

ಸುಳ್ಳು ಎಚ್ಚರಿಕೆಯ ಭಾರ ಎಷ್ಟು ಅಂತ ಒಂದು ಲೆಕ್ಕ ಹಾಕಿ. ಜಗಳೂರಿನ ಕಡೆ ಒಂದು ಶಿಬಿರ ಅಂದುಕೊಳ್ಳಿ. ಸಾವಿರ ಜನ ಬಂದರು, ಅವರಲ್ಲಿ ಹತ್ತು ಜನಕ್ಕೆ ನಿಜವಾಗಿ ಲಯದ ತೊಂದರೆ ಇದೆ. ನಿಮ್ಮ ಯಂತ್ರ ಕಾಯಿಲೆ ಇದ್ದವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ 90 ಜನರನ್ನು ಸರಿಯಾಗಿ ಬಿಡುತ್ತದೆ. ಆಗ ಹತ್ತರಲ್ಲಿ ಒಂಬತ್ತು ಜನ ಸಿಕ್ಕರು. ಜೊತೆಗೆ ಏನೂ ಇಲ್ಲದ 990 ಜನರಲ್ಲಿ 99 ಜನಕ್ಕೂ 'ದೊಡ್ಡಾಸ್ಪತ್ರೆಗೆ ಹೋಗಿ' ಅಂತ ಬಂತು. ಆ 99 ಜನ ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು, ಮನೆಯವರನ್ನೆಲ್ಲ ಗಾಬರಿ ಮಾಡಿಕೊಂಡು ದಾವಣಗೆರೆಗೆ ಬರುತ್ತಾರೆ. ಸಾಮಾನ್ಯರನ್ನು ಸಾಮಾನ್ಯರೆಂದು ಬಿಡುವ ಅಂಕವನ್ನು 90ರಿಂದ 98ಕ್ಕೆ ಏರಿಸಿದರೆ ಸುಳ್ಳು ಎಚ್ಚರಿಕೆ 99ರಿಂದ ಸುಮಾರು 20ಕ್ಕೆ ಇಳಿಯುತ್ತದೆ. ನಾನು ಮಾರ್ಕ್ಸ್ ಕೊಡುವಾಗ ಈ ಲೆಕ್ಕ ಇದೆಯೇ ಅಂತ ಮೊದಲು ನೋಡುತ್ತೇನೆ.

ಹಾರ್ಡ್‌ವೇರ್ ಬೇಕೇ?

ಎಡಿ8232 ಮಾಡ್ಯೂಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೂರು ಎಲೆಕ್ಟ್ರೋಡ್, 3.3 ವೋಲ್ಟ್. ಅದನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಆರ್ಡುಯಿನೋ ಊನೋಗಿಂತ ಇಎಸ್‌ಪಿ32 ಒಳ್ಳೆಯದು, ಬ್ಲೂಟೂತ್ ಇದೆ. ಲ್ಯಾಪ್‌ಟಾಪಿಗೆ ವೈರೇ ಬೇಡ. ವೈರಿನಲ್ಲೇ ಜೋಡಿಸಿದ್ದರೆ, ಮೈಗೆ ಎಲೆಕ್ಟ್ರೋಡ್ ಇದ್ದಾಗ ಲ್ಯಾಪ್‌ಟಾಪ್ ಚಾರ್ಜರ್ ತೆಗೆದಿಡಿ. ಮೊದಲ ಕಾರಣ ಸುರಕ್ಷತೆ. ಎರಡನೆಯದು, ಚಾರ್ಜರ್ ತೆಗೆದ ಕೂಡಲೇ ಪರದೆಯ ಮೇಲಿನ ದಪ್ಪ ಗೆರೆ ತೆಳ್ಳಗಾಗುವುದನ್ನು ಕಣ್ಣಾರೆ ನೋಡಬಹುದು. ಆ 50 ಹರ್ಟ್ಜ್ ಗುಂಯ್ ಅನ್ನುವುದು ಹೋದಾಗ ಮಕ್ಕಳ ಮುಖ ಅರಳುತ್ತದೆ. ಪೇಸ್‌ಮೇಕರ್ ಇರುವವರ ಮೇಲೆ ಮಾತ್ರ ಯಾವತ್ತೂ ಪ್ರಯೋಗ ಮಾಡಬೇಡಿ.

ಈ ಮಾಡ್ಯೂಲ್ ಇಟ್ಟುಕೊಂಡು 'ಹೃದಯಾಘಾತ ಪತ್ತೆ ಯಂತ್ರ' ಅಂತ ಟೈಟಲ್ ಬರೆಯಬೇಡಿ. ಇದು ಒಂದೇ ಲೀಡಿನದು, ಲಯ ನೋಡಲು ಮಾಡಿದ್ದು. ಹೃದಯಾಘಾತ ಯಾವ ಗೋಡೆಯಲ್ಲಿ ಅಂತ ಹೇಳಲು ಹನ್ನೆರಡು ಲೀಡ್ ಬೇಕು. ನಮ್ಮ ರಾಜ್ಯದಲ್ಲಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಎಐ ನೆರವಿನಿಂದ ಓದಿ, ದೊಡ್ಡ ಆಸ್ಪತ್ರೆಯ ತಜ್ಞರ ಜೊತೆ ಜೋಡಿಸಿ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅಲ್ಲೂ ಯಂತ್ರದ ಹಿಂದೆ ತಜ್ಞರು ಇದ್ದಾರೆ. ನಿಮ್ಮ ಯಂತ್ರ 'ಏನೂ ಇಲ್ಲ' ಅಂದಿತು ಅಂತ ಯಾರಾದರೂ ಎದೆನೋವು ನುಂಗಿಕೊಂಡು ಮನೆಯಲ್ಲೇ ಕೂತರೆ? ಆ ಭಯ ನನಗೆ ನಿಜಕ್ಕೂ ಇದೆ.

ಯಾವ ಗುಂಪಿಗೆ ಯಾವುದು

ಕೋಡ್ ಚೆನ್ನಾಗಿ ಬರುವ, ಹಾರ್ಡ್‌ವೇರ್ ಬೇಡ ಅನ್ನುವ ಕಂಪ್ಯೂಟರ್ ಸೈನ್ಸ್ ಗುಂಪಿಗೆ ಪಿಟಿಬಿ-ಎಕ್ಸ್‌ಎಲ್ ಮತ್ತು ಒಂದು ಆಯಾಮದ ಸಿಎನ್‌ಎನ್. ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್) ಗುಂಪಿಗೆ 2017ರ ಡೇಟಾ, ಎಡಿ8232, ಮೊದಲು ಗದ್ದಲ ಗುರುತಿಸುವುದು, ಆಮೇಲೆ ಲಯ. ಸಿಗ್ನಲ್ ಪ್ರೊಸೆಸಿಂಗ್ ಮೇಲೆ ಪ್ರೀತಿ ಇರುವವರಿಗೆ ಎಂಐಟಿ-ಬಿಐಎಚ್, ಪ್ಯಾನ್-ಟಾಂಪ್ಕಿನ್ಸ್ ಅನ್ನು ಲೈಬ್ರರಿಯಿಂದ ಕರೆಯದೆ ಸ್ವಂತವಾಗಿ ಬರೆಯುವುದು. ಒಂದೇ ಸೆಮಿಸ್ಟರ್ ಉಳಿದಿದ್ದರೆ ಪಿಪಿಜಿ ತಗೊಂಡು ಕೈ ಅಲ್ಲಾಡಿದ ತುಣುಕುಗಳನ್ನು ಬೇರ್ಪಡಿಸುವುದಷ್ಟನ್ನೇ ಮಾಡಿ. ಸಣ್ಣ ಕೆಲಸ, ಆದರೆ ಕೈಗಡಿಯಾರ ಮಾಡುವವರೂ ದಿನಾ ಅದರ ಜೊತೆಗೇ ಗುದ್ದಾಡುತ್ತಾರೆ.

ಆಸ್ಪತ್ರೆಯ ಡೇಟಾವೇ ಬೇಕು ಅನ್ನುವವರೂ ಪ್ರತಿ ವರ್ಷ ಇರುತ್ತಾರೆ. ಆಸೆ ಒಳ್ಳೆಯದು. ನಮ್ಮ ಜನರ ಇಸಿಜಿ ನಮ್ಮ ಮಾಡೆಲ್‌ಗಳಲ್ಲಿ ಇರಲೇಬೇಕು. ದಾವಣಗೆರೆಯಲ್ಲಿ ಜೆಜೆಎಂ, ಎಸ್‌ಎಸ್ ಮೆಡಿಕಲ್ ಕಾಲೇಜುಗಳಿವೆ, ಚಿತ್ರದುರ್ಗದವರಿಗೆ ಬಸವೇಶ್ವರ ಮೆಡಿಕಲ್ ಕಾಲೇಜು ಹತ್ತಿರ. ಪರಿಚಯದ ಡಾಕ್ಟರ್ ಹತ್ತಿರ ಮೊಬೈಲಿನಲ್ಲಿ ಇಸಿಜಿ ಫೋಟೋ ಕಳಿಸಿಕೊಳ್ಳುವುದು ಮಾತ್ರ ಬೇಡ. ಅದರ ಮೇಲೆ ರೋಗಿಯ ಹೆಸರು, ವಯಸ್ಸು, ದಿನಾಂಕ ಎಲ್ಲ ಇರುತ್ತದೆ. ಒಬ್ಬ ವೈದ್ಯರನ್ನು ಜೊತೆ ಗೈಡ್ ಆಗಿ ಕೇಳಿಕೊಳ್ಳಿ. ಅಲ್ಲಿನ ಎಥಿಕ್ಸ್ ಕಮಿಟಿಗೆ ಅವರ ಮೂಲಕ ಅರ್ಜಿ ಕೊಡಬೇಕು, ಹೆಸರು ತೆಗೆದ ಡೇಟಾ ಮಾತ್ರ ಕೈಗೆ ಬರಬೇಕು. ಕಮಿಟಿ ಕೂರುವುದು ನಿಮ್ಮ ರಿವ್ಯೂ ತಾರೀಕು ನೋಡಿಕೊಂಡಲ್ಲ. ಅದಕ್ಕೆ ಏಳನೇ ಸೆಮಿಸ್ಟರಿನ ಮೊದಲ ವಾರವೇ ಹೋಗಿ ಫಾರಂ ತಂದುಕೊಳ್ಳಿ. ಅನುಮತಿ ಬರುವ ತನಕ ರೆಕಾರ್ಡ್ 100 ತೆರೆದು, ಒಂದು ಚೀಟಿಯ ಅಂಚಿನಲ್ಲಿ ಎರಡು ಗೀಟು ಎಳೆದುಕೊಂಡು ಆ ಎಂಟನೇ ಬಡಿತ ಹುಡುಕಿ.